ಮುಧೋಳದ ಮರಿ ಮಾರುವವರಿಗೊಂದು ಬಹಿರಂಗ ಪತ್ರ: ಎಂಟು ವಾರ ತಾಯಿ ಹತ್ತಿರ ಬಿಡಿ

ಮುಧೋಳ ನಾಯಿ ಸಾಕಿ ಮರಿ ಮಾರುವ ಅಣ್ಣಂದಿರಿಗೆ, ಅಕ್ಕಂದಿರಿಗೆ,
ಹಾಗೂ ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿ ಮತ್ತು ಪಶುಪಾಲನಾ ಇಲಾಖೆಯ ಮಾನ್ಯ ಅಧಿಕಾರಿಗಳಿಗೆ,

ಧಾರವಾಡದಿಂದ ನಮಸ್ಕಾರಗಳು.

ಮುಧೋಳ ನಾಯಿಯ ಮರಿಗಳನ್ನು ತಿಂಗಳು ತುಂಬುತ್ತಲೇ ತಾಯಿಯಿಂದ ಬಿಡಿಸಿ ಮಾರಬೇಡಿ ಎಂದು ಕೇಳಿಕೊಳ್ಳಲು ಈ ಪತ್ರ ಬರೆಯುತ್ತಿದ್ದೇನೆ. ಎಂಟು ವಾರ ಇಟ್ಟುಕೊಳ್ಳಿ. ಆ ಎಂಟು ವಾರದಲ್ಲಿ ಮರಿ ಶೆಡ್ಡಿನ ಮೂಲೆಯಲ್ಲಿ ಬಿದ್ದಿರದ ಹಾಗೆ, ಮನುಷ್ಯರ ನಡುವೆ ಬೆಳೆಯುವ ಹಾಗೆ ನೋಡಿಕೊಳ್ಳಿ. ನನ್ನ ಬೇಡಿಕೆ ಇಷ್ಟೇ. ಯಾಕೆ ಕೇಳುತ್ತಿದ್ದೇನೆ ಎಂಬುದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ದಯವಿಟ್ಟು ಪೂರ್ತಿ ಓದಿ.

ನನ್ನ ತವರು ಮುಧೋಳ ತಾಲ್ಲೂಕು. ಮದುವೆಯಾಗಿ ಧಾರವಾಡಕ್ಕೆ ಬಂದವಳು. ಇಲ್ಲಿ ಬಸುರಿ ನಾಯಿಗಳನ್ನು, ತಬ್ಬಲಿ ಕುನ್ನಿಗಳನ್ನು ಮನೆಗೆ ತಂದು, ಬಾಣಂತನ ಮಾಡಿ, ಮರಿಗಳು ಗಟ್ಟಿಯಾದ ಮೇಲೆ ಒಳ್ಳೆಯ ಮನೆ ನೋಡಿ ಸೇರಿಸುತ್ತೇನೆ. ಬೀದಿ ನಾಯಿಗಳೇ ಜಾಸ್ತಿ. ಆದರೆ ಈಚೆಗೆ ಮುಧೋಳ ನಾಯಿಗಳೂ ಬರುತ್ತಿವೆ. ಮರಿಗಳಲ್ಲ, ಒಂದೂವರೆ ಎರಡು ವರ್ಷದ ಬೆಳೆದ ನಾಯಿಗಳು. ‘ನಮ್ಮಿಂದ ಆಗ್ತಿಲ್ಲ ಮೇಡಂ, ನೀವೇ ಇಟ್ಕೊಳ್ಳಿ’ ಎಂದು ಜನ ಬಿಟ್ಟು ಹೋಗುವ ನಾಯಿಗಳು.

ಕಳೆದ ಮಳೆಗಾಲದಲ್ಲಿ ಬೆಂಗಳೂರಿನ ಒಂದು ಕುಟುಂಬ ಹೀಗೇ ಒಂದು ಗಂಡು ನಾಯಿಯನ್ನು ತಂದಿತು. ಚೆಂದದ ನಾಯಿ. ಉದ್ದ ಮೂತಿ, ಕಂದು ಮೈ, ಬಳ್ಳಿಯಂಥ ಬಾಲ. ಕಾರಿನಿಂದ ಇಳಿಯಲೇ ಇಲ್ಲ. ಹಿಂದಿನ ಸೀಟಿನ ಕೆಳಗೆ ಮೈ ತುರುಕಿಕೊಂಡು ಅಲ್ಲೇ ಉಚ್ಚೆ ಹೊಯ್ದುಕೊಂಡಿತ್ತು. ನಮ್ಮ ಗೇಟಿನ ಚಿಲಕ ‘ಖಣ್’ ಅಂದದ್ದಕ್ಕೆ ಹೊಟ್ಟೆ ನೆಲಕ್ಕೆ ಹಚ್ಚಿ ಮಲಗಿಬಿಟ್ಟಿತು. ಯಾರಾದರೂ ನೋಡುತ್ತಿದ್ದರೆ ಅನ್ನ ಮುಟ್ಟುತ್ತಿರಲಿಲ್ಲ. ಹೆಲ್ಮೆಟ್ ಹಾಕಿಕೊಂಡವರನ್ನು ಕಂಡರೆ ನಡುಕ. ಆ ಮನೆಯ ಮಗಳು ಹಿಂದಿನಿಂದ ಬಂದು ತಬ್ಬಿಕೊಂಡಾಗ ತಿರುಗಿ ಕೈ ಕಚ್ಚಿತ್ತು. ಹೊಲಿಗೆ ಹಾಕಿಸಬೇಕಾಗಿ ಬಂತು. ಅದಕ್ಕೇ ಇಲ್ಲಿಗೆ ತಂದಿದ್ದರು. ಆ ತಾಯಿ ಅಳುತ್ತಿದ್ದರು. ಅವರು ಒಳ್ಳೆಯ ಜನ. ನಾಯಿಗೆ ಹಾಸಿಗೆ ಇತ್ತು, ಹೊತ್ತುಹೊತ್ತಿಗೆ ಊಟ ಇತ್ತು, ದುಡ್ಡು ಕೊಟ್ಟು ತರಬೇತಿಯನ್ನೂ ಕೊಡಿಸಿದ್ದರು.

ಮರಿ ಎಲ್ಲಿಂದ ಬಂತು ಎಂದು ಕೇಳಿದೆ. ಮಧ್ಯವರ್ತಿಯೊಬ್ಬ ಫೋಟೋ ಕಳಿಸಿದ್ದ, ಇವರು ದುಡ್ಡು ಹಾಕಿದ್ದರು. ತೂತು ಮಾಡಿದ ರಟ್ಟಿನ ಡಬ್ಬಿಯಲ್ಲಿ ಮರಿ ರಾತ್ರಿ ಬಸ್ಸಿನಲ್ಲಿ ಬೆಂಗಳೂರು ಸೇರಿತ್ತು. ಹಲ್ಲು ಆಗಷ್ಟೇ ಮೂಡಿದ್ದವಂತೆ. ಅಂದರೆ ತಿಂಗಳ ಮರಿ. ತಾಯಿಯನ್ನು ಇವರು ನೋಡಿಯೇ ಇಲ್ಲ.

ಆ ನಾಯಿ ಈಗಲೂ ನಮ್ಮಲ್ಲೇ ಇದೆ. ನನ್ನ ಕೈಯಲ್ಲಿ ಕುತ್ತಿಗೆ ಪಟ್ಟಿ ಹಾಕಿಸಿಕೊಳ್ಳುತ್ತದೆ. ಬೇರೆಯವರ ಕೈಯಲ್ಲಿ ಇಲ್ಲ. ಇದೊಂದೇ ಆಗಿದ್ದರೆ ನಾನು ಪತ್ರ ಬರೆಯುತ್ತಿರಲಿಲ್ಲ. ಬಂದ ಮುಧೋಳ ನಾಯಿಗಳಲ್ಲಿ ಹೆಚ್ಚಿನವುಗಳ ಕತೆ ಇದೇ ಆಗಿದೆ. ಬೇಗ ತಾಯಿಯಿಂದ ಬಿಡಿಸಿದ್ದು, ಅದಕ್ಕೆ ಮೊದಲು ಶೆಡ್ಡು ಬಿಟ್ಟು ಬೇರೆ ಏನನ್ನೂ ನೋಡದ್ದು.

‘ಮುಧೋಳ ನಾಯಿನೇ ಹಂಗ, ಅಂಜುಬುರುಕ, ಯಾರನ್ನೂ ಹತ್ತಿರ ಬಿಟ್ಕೊಳ್ಳಲ್ಲ’ ಎಂದು ಹೇಳುವವರಿದ್ದಾರೆ. ಮಾರುವವರೂ ಹೇಳುತ್ತಾರೆ, ಕೊಂಡವರೂ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಪರಕೀಯರ ಹತ್ತಿರ ಈ ತಳಿ ಸ್ವಲ್ಪ ದೂರವೇ ನಿಲ್ಲುತ್ತದೆ, ನಿಜ. ಬಂದ ತಕ್ಷಣ ಮೈಮೇಲೆ ಬಿದ್ದು ನೆಕ್ಕುವ ನಾಯಿ ಇದಲ್ಲ. ಆದರೆ ದೂರ ನಿಲ್ಲುವುದೇ ಬೇರೆ, ಹೆದರಿ ನಡುಗುವುದೇ ಬೇರೆ. ನಮ್ಮ ಅಪ್ಪನ ಹೊಲದಲ್ಲಿದ್ದ ನಾಯಿಗಳು ಹೊಸಬರು ಬಂದರೆ ಎದ್ದು ನಿಂತು ನೋಡುತ್ತಿದ್ದವು. ‘ನಮ್ಮವರೇ’ ಎಂದು ಅಪ್ಪ ಒಂದು ಮಾತು ಹೇಳಿದರೆ ಮತ್ತೆ ಹೋಗಿ ನೆರಳಲ್ಲಿ ಮಲಗುತ್ತಿದ್ದವು.

ಅವು ಹೇಗೆ ಬೆಳೆದವು ಎಂದು ನೆನಪು ಮಾಡಿಕೊಳ್ಳಿ. ನಿಮ್ಮಲ್ಲಿ ವಯಸ್ಸಾದವರಿಗೆ ಇದು ನನಗಿಂತ ಚೆನ್ನಾಗಿ ಗೊತ್ತು. ನಾಯಿ ಮರಿ ಹಾಕುತ್ತಿದ್ದದ್ದು ದನದ ಕೊಟ್ಟಿಗೆಯ ಪಕ್ಕದಲ್ಲಿ, ಇಲ್ಲವೇ ಕಣಿಕೆ ಬಣವೆಯ ಬುಡದಲ್ಲಿ. ಮರಿ ಕಣ್ಣು ಬಿಟ್ಟಾಗ ಎದುರಿಗೆ ಎತ್ತು, ಎಮ್ಮೆ, ಕೋಳಿ, ಆಡು ಇರುತ್ತಿದ್ದವು. ಮಕ್ಕಳು ಎತ್ತಿಕೊಂಡು ತಿರುಗುತ್ತಿದ್ದರು. ಬಳೆಗಾರ ಬರುತ್ತಿದ್ದ, ಪೋಸ್ಟಿನವರು ಬರುತ್ತಿದ್ದರು, ಆಳುಗಳು ಬುತ್ತಿ ಬಿಚ್ಚಿಕೊಂಡು ಅಲ್ಲೇ ಕೂರುತ್ತಿದ್ದರು. ಟ್ರ್ಯಾಕ್ಟರ್ ಸದ್ದು, ಕಬ್ಬಿನ ಗಾಣದ ಸದ್ದು, ಬೆಲ್ಲದ ಕೊಪ್ಪರಿಗೆಯ ಹೊಗೆ ಎಲ್ಲ ದಿನಾ ಇದ್ದದ್ದೇ. ಮರಿಯನ್ನು ಜನರಿಗೆ ರೂಢಿ ಮಾಡಿಸಬೇಕು ಎಂದು ಆಗ ಯಾರೂ ಪ್ರತ್ಯೇಕ ಕೆಲಸ ಮಾಡಬೇಕಿರಲಿಲ್ಲ. ಅಂಗಳವೇ ಆ ಕೆಲಸ ಮಾಡುತ್ತಿತ್ತು. ಮರಿ ಹೋದರೂ ಪಕ್ಕದ ಹೊಲಕ್ಕೋ ಪಕ್ಕದ ಊರಿಗೋ ಹೋಗುತ್ತಿತ್ತು. ಅಲ್ಲಿಯೂ ಇಂಥದ್ದೇ ಅಂಗಳ.

ಈಗ ಮರಿ ಬೆಳೆಯುವ ಜಾಗ, ಹೋಗುವ ಜಾಗ ಎರಡೂ ಬದಲಾಗಿವೆ. ಮೊಲದ ಬೇಟೆಗೆ ಬೆಳೆಸಿದ ನಾಯಿ ಇದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಈಗ ಬೇಟೆ ಅಪರಾಧ. ಅದು ಸರಿಯೇ. ಹಾಗಾಗಿ ಈ ನಾಯಿಗೆ ಈಗ ಇರುವ ಕೆಲಸ ಕಾವಲು ಕಾಯುವುದು, ಮನೆಯಲ್ಲಿ ಮನುಷ್ಯರ ಜೊತೆ ಬದುಕುವುದು. ಬೇಡಿಕೆಯೂ ಹೆಚ್ಚಿತು. ಮುಧೋಳದ ರಾಜ ಮಾಲೋಜಿರಾವ್ ಘೋರ್ಪಡೆಯವರು ಇಂಗ್ಲೆಂಡಿನ ದೊರೆ ಐದನೇ ಜಾರ್ಜ್‌ಗೆ ಜೋಡಿ ನಾಯಿ ಕೊಟ್ಟರು ಎಂದು ನಾವೆಲ್ಲ ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. 2005ರಲ್ಲಿ ಅಂಚೆ ಚೀಟಿ ಬಂತು. ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರ ಬಂತು. ಸೈನ್ಯದವರು ಮರಿ ಒಯ್ದರು. 2020ರ ಆಗಸ್ಟ್‌ನಲ್ಲಿ ಪ್ರಧಾನಿಗಳು ರೇಡಿಯೋ ಭಾಷಣದಲ್ಲಿ ಮುಧೋಳದ ಹೆಸರು ಹೇಳಿದರು. ಬೆಂಗಳೂರು, ಪುಣೆ, ಹೈದರಾಬಾದಿನವರು ಫೋನ್ ಮೇಲೆ ಫೋನ್ ಮಾಡತೊಡಗಿದರು. ಬೇಡಿಕೆ ಬಂದಂತೆ ಶೆಡ್ಡುಗಳೂ ಬಂದವು. ಮನೆಯಿಂದ ದೂರ, ತಗಡಿನ ಚಾವಣಿ, ಸಾಲಾಗಿ ಜಾಲರಿಯ ಗೂಡುಗಳು. ದಿನಕ್ಕೆ ಎರಡು ಸಲ ಒಬ್ಬ ಮನುಷ್ಯ ನುಚ್ಚು, ಹಾಲು ತಂದು ಸುರಿದು ಹೋಗುತ್ತಾನೆ. ಮರಿಗೆ ಗೊತ್ತಿರುವ ಜಗತ್ತು ಅಷ್ಟೇ. ಅಲ್ಲಿಂದ ಅದು ನೇರ ಲಿಫ್ಟು, ಮಿಕ್ಸಿ, ಪಟಾಕಿ, ನೂರಾರು ಸ್ಕೂಟರ್ ಇರುವ ಜಾಗಕ್ಕೆ ಹೋಗಿ ಬೀಳುತ್ತದೆ.

ಎಲ್ಲರೂ ಹೀಗೆ ಮಾಡುತ್ತಾರೆ ಎಂದು ನಾನು ಹೇಳುತ್ತಿಲ್ಲ. ಇವತ್ತಿಗೂ ಮರಿಗಳನ್ನು ಮನೆಯ ಪಡಸಾಲೆಯಲ್ಲಿ ಮೊಮ್ಮಕ್ಕಳ ಜೊತೆ ಬೆಳೆಸಿ, ಕೊಳ್ಳಲು ಬಂದವರನ್ನು ಹತ್ತು ಪ್ರಶ್ನೆ ಕೇಳಿ ಕಳಿಸುವವರನ್ನು ನಾನು ಬಲ್ಲೆ. ಅವರ ಮರಿಗಳು ವಾಪಸ್ ಬರುವುದಿಲ್ಲ.

ಈಗ ಮರಿಯ ಕಡೆಯಿಂದ ಈ ಎಂಟು ವಾರ ಏನು ಎಂದು ನೋಡೋಣ.

ಹುಟ್ಟಿದಾಗ ಮರಿಯ ಕಣ್ಣು ಮುಚ್ಚಿರುತ್ತದೆ, ಕಿವಿಯೂ ಮುಚ್ಚಿರುತ್ತದೆ. ಮೈ ಬೆಚ್ಚಗಿಟ್ಟುಕೊಳ್ಳುವ ಶಕ್ತಿಯೂ ಇರುವುದಿಲ್ಲ. ತಾಯಿ ನೆಕ್ಕಿದರೇನೇ ಉಚ್ಚೆ ಹೊಯ್ಯುತ್ತದೆ. ಮೊದಲ ದಿನದ ಗಿಣ್ಣು ಹಾಲಿನಲ್ಲೇ ರೋಗ ತಡೆಯುವ ಶಕ್ತಿ ಸಿಗಬೇಕು. ಎರಡನೇ ವಾರದಲ್ಲಿ ಕಣ್ಣು ತೆರೆಯುತ್ತದೆ, ಮೂರನೇ ವಾರಕ್ಕೆ ಕಿವಿ ಕೇಳಿಸತೊಡಗುತ್ತದೆ. ಅಲ್ಲಿಯವರೆಗೆ ತಾಯಿಯನ್ನು ಚೆನ್ನಾಗಿ ನೋಡಿಕೊಂಡರೆ ಸಾಕು. ದಿನಕ್ಕೊಮ್ಮೆ ಮರಿಯನ್ನು ಕೈಯಲ್ಲಿ ಎತ್ತಿಕೊಂಡು, ತೂಕ ನೋಡಿ, ಮತ್ತೆ ಮಲಗಿಸಿದರೆ ಮನುಷ್ಯನ ಕೈವಾಸನೆಯೂ ರೂಢಿಯಾಗುತ್ತದೆ.

ನಿಜವಾದ ಕೆಲಸ ಶುರುವಾಗುವುದು ಮೂರನೇ ವಾರ ಮುಗಿದ ಮೇಲೆ. ಆಗ ಮರಿ ತಲೆಯೆತ್ತಿ ನೋಡುತ್ತದೆ, ತೊದಲು ಹೆಜ್ಜೆ ಇಡುತ್ತದೆ, ಮಲಗುವ ಜಾಗ ಬಿಟ್ಟು ಆಚೆ ಹೋಗಿ ಹೇಲುವುದನ್ನು ಕಲಿಯುತ್ತದೆ. ಹಲ್ಲು ಬರುತ್ತದೆ. ನಾಲ್ಕನೇ ವಾರಕ್ಕೆ ತಟ್ಟೆಯಿಂದ ನೆಕ್ಕಲು ಶುರು ಮಾಡುತ್ತದೆ. ತಟ್ಟೆಯಿಂದ ತಿಂದ ತಕ್ಷಣ ‘ಮರಿ ತಯಾರಾಯ್ತು’ ಎಂದು ನಮ್ಮ ಕಡೆ ಲೆಕ್ಕ ಹಾಕುತ್ತಾರೆ. ತಿನ್ನಲು ಬಂತು, ಅಷ್ಟೇ. ಬದುಕಲು ಇನ್ನೂ ಬಂದಿಲ್ಲ.

ಐದನೇ ವಾರದಿಂದ ಎಂಟನೇ ವಾರದವರೆಗೆ ಮರಿಗಳನ್ನು ಸುಮ್ನೆ ಕೂತು ನೋಡಿ. ಒಂದರ ಕಿವಿಯನ್ನು ಇನ್ನೊಂದು ಕಚ್ಚಿ ಎಳೆಯುತ್ತದೆ. ಕಚ್ಚಿಸಿಕೊಂಡದ್ದು ‘ಕುಂಯ್’ ಎಂದು ಚೀರಿ ಆಟ ಬಿಟ್ಟು ಎದ್ದು ಹೋಗುತ್ತದೆ. ಕಚ್ಚಿದ್ದು ಪೆಚ್ಚಾಗಿ ನಿಲ್ಲುತ್ತದೆ. ಮುಂದಿನ ಸಲ ಸ್ವಲ್ಪ ಮೆಲ್ಲಗೆ ಕಚ್ಚುತ್ತದೆ. ಹಾಲು ಕುಡಿಯುವಾಗ ಹಲ್ಲು ತಾಗಿದರೆ ತಾಯಿ ಗುರ್ ಎನ್ನುತ್ತಾಳೆ, ಇಲ್ಲವೇ ಎದ್ದು ನಡೆದುಬಿಡುತ್ತಾಳೆ. ಎಷ್ಟು ಕಚ್ಚಿದರೆ ನೋವಾಗುತ್ತದೆ ಎಂಬ ಪಾಠ ಇದು. ಈ ಪಾಠವನ್ನು ಮನುಷ್ಯರು ಕಲಿಸುವುದು ಬಹಳ ಕಷ್ಟ. ತಾಯಿ ಮತ್ತು ಒಡಹುಟ್ಟಿದವು ದಿನಕ್ಕೆ ನೂರು ಸಲ ಪುಕ್ಕಟೆ ಕಲಿಸುತ್ತವೆ. ತಿಂಗಳಿಗೇ ಬಿಡಿಸಿಕೊಂಡು ಹೋದ ಮರಿ ಈ ಪಾಠ ಕಲಿಯದೇ ದೊಡ್ಡದಾಗುತ್ತದೆ. ಆಮೇಲೆ ಮಕ್ಕಳ ಕೈ ಕಚ್ಚಿತು ಎಂದು ಅದನ್ನು ಬಯ್ಯುತ್ತೇವೆ.

ಇದು ನನ್ನೊಬ್ಬಳ ಅನಿಸಿಕೆ ಅಲ್ಲ. ಅಮೆರಿಕದ ಬಾರ್ ಹಾರ್ಬರ್ ಎಂಬ ಊರಿನ ಪ್ರಯೋಗಶಾಲೆಯಲ್ಲಿ ಜಾನ್ ಪಾಲ್ ಸ್ಕಾಟ್ ಮತ್ತು ಜಾನ್ ಫುಲ್ಲರ್ ಎಂಬ ವಿಜ್ಞಾನಿಗಳು ವರ್ಷಗಟ್ಟಲೆ ಮರಿಗಳನ್ನು ಬೆಳೆಸಿ ಗಮನಿಸಿದರು. ಮೂರನೇ ವಾರದಿಂದ ಸುಮಾರು ಹನ್ನೆರಡನೇ ವಾರದವರೆಗೆ ನಾಯಿಮರಿಯ ಮನಸ್ಸು ಹೊಸದನ್ನು ಒಪ್ಪಿಕೊಳ್ಳಲು ತೆರೆದಿರುತ್ತದೆ ಎಂದು ಕಂಡುಕೊಂಡರು. ಅಲ್ಲಿಯೇ 1961ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗವಿದೆ. ಮರಿಗಳನ್ನು ಎತ್ತರದ ಬೇಲಿಯೊಳಗೆ, ಮನುಷ್ಯರ ಮುಖವೇ ಕಾಣದ ಹಾಗೆ ಬೆಳೆಸಿದರು. ಕೆಲವನ್ನು ಮಾತ್ರ ಬೇರೆಬೇರೆ ವಯಸ್ಸಿನಲ್ಲಿ ಒಂದೊಂದು ವಾರ ಹೊರಗೆ ತಂದು ಮನುಷ್ಯರ ಜೊತೆ ಆಡಿಸಿದರು. ಹದಿನಾಲ್ಕು ವಾರದವರೆಗೆ ಮನುಷ್ಯರ ಸಂಪರ್ಕವೇ ಇಲ್ಲದ ಮರಿಗಳು ಕಾಡುಪ್ರಾಣಿಗಳ ಹಾಗೆ ಆಗಿದ್ದವು. ಸರಿಯಾದ ವಯಸ್ಸಿನಲ್ಲಿ ಸಿಕ್ಕ ಒಂದೇ ಒಂದು ವಾರ ಉಳಿದವುಗಳಲ್ಲಿ ಎಷ್ಟೋ ವ್ಯತ್ಯಾಸ ಮಾಡಿತ್ತು. ಮನೆಯಿಂದ ದೂರದ ಶೆಡ್ಡು ಅಂದಾಗ ನನಗೆ ಆ ಬೇಲಿಯೇ ನೆನಪಾಗುತ್ತದೆ.

ಇಟಲಿಯ ಸಂಶೋಧಕರು 2011ರಲ್ಲಿ ಇನ್ನೂ ನೇರವಾದ ಪ್ರಶ್ನೆ ಕೇಳಿದರು. ಮೂವತ್ತರಿಂದ ನಲವತ್ತು ದಿನಕ್ಕೆ ತಾಯಿಯಿಂದ ಬಿಡಿಸಿದ ನಾಯಿಗಳನ್ನೂ ಎರಡು ತಿಂಗಳಿಗೆ ಬಿಡಿಸಿದ ನಾಯಿಗಳನ್ನೂ ಹೋಲಿಸಿದರು. ಬೇಗ ಬಿಡಿಸಿದವುಗಳಲ್ಲಿ ಹೆದರಿಕೆ, ಅತಿಯಾಗಿ ಬೊಗಳುವುದು, ಸಾಮಾನು ಹಾಳು ಮಾಡುವುದು, ಊಟದ ಹತ್ತಿರ ಯಾರನ್ನೂ ಬಿಡದಿರುವುದು ಹೆಚ್ಚಾಗಿ ಕಂಡಿತು. ನನ್ನ ಮನೆಗೆ ಬರುವ ನಾಯಿಗಳ ದೂರುಗಳೂ ಇವೇ.

ಹಾಗಂತ ಎಂಟು ವಾರ ಸುಮ್ನೆ ಕೂಡಿಹಾಕಿಟ್ಟುಕೊಂಡರೆ ಪ್ರಯೋಜನವಿಲ್ಲ. ತಾಯಿ ನಾಯಿಯ ಪಾಠ ಕಲಿಸುತ್ತಾಳೆ, ಮನುಷ್ಯರ ಪಾಠ ನಾವು ಕಲಿಸಬೇಕು. ನಾನು ಮಾಡುವುದನ್ನು ಹೇಳುತ್ತೇನೆ. ಇದಕ್ಕೆ ದುಡ್ಡು ಬೇಕಿಲ್ಲ, ಮನೆಯಲ್ಲಿ ಇರುವುದೇ ಸಾಕು.

ಮೂರು ವಾರ ಆಗುತ್ತಲೇ ಮರಿಗಳನ್ನು ತಾಯಿಯ ಜೊತೆಗೇ ಅಡುಗೆ ಮನೆಯ ಹತ್ತಿರ ತರುತ್ತೇನೆ. ಕುಕ್ಕರ್ ಸೀಟಿ, ಮಿಕ್ಸಿ, ರೊಟ್ಟಿ ಬಡಿಯುವ ಸದ್ದು, ಟಿವಿ, ಸಂಜೆ ಪಕ್ಕದ ಗುಡಿಯ ಗಂಟೆ, ಎಲ್ಲ ಕೇಳಲಿ ಎಂದು. ಮೊದಲು ದೂರದಿಂದ, ಆಮೇಲೆ ಹತ್ತಿರದಿಂದ. ಒಂದು ಸಲ ಆರು ಮರಿಗಳ ಎದುರಿಗೆ ನನ್ನ ಕೈಯಿಂದ ಸ್ಟೀಲ್ ತಟ್ಟೆ ಜಾರಿ ಬಿತ್ತು. ಆರೂ ಹಾರಿ ಬಿದ್ದವು. ನಾಲ್ಕು ಮರಿ ಅರೆಕ್ಷಣದಲ್ಲಿ ತಿರುಗಿ ಬಂದು ತಟ್ಟೆಯನ್ನು ಮೂಸಿದವು. ಒಂದು ಸ್ವಲ್ಪ ತಡೆದು ಬಂತು. ಒಂದು ಹೆಣ್ಣು ಮರಿ ಮಾತ್ರ ಜೋಳದ ಡ್ರಮ್ಮಿನ ಹಿಂದೆ ಸೇರಿಕೊಂಡದ್ದು ಹೊರಗೆ ಬರಲಿಲ್ಲ. ನಾನು ನೋಡುವುದು ಇದನ್ನೇ. ಹೆದರುವುದು ತಪ್ಪಲ್ಲ. ಹೆದರಿದ ಮರಿ ಎಷ್ಟು ಬೇಗ ಸುಧಾರಿಸಿಕೊಂಡು ವಾಪಸ್ ಬರುತ್ತದೆ ಎಂಬುದು ಮುಖ್ಯ. ಆ ಹೆಣ್ಣು ಮರಿಯನ್ನು ಎಳೆದು ತರಲಿಲ್ಲ. ಅದೇ ತಟ್ಟೆಯಲ್ಲಿ ಮೊಸರನ್ನ ಹಾಕಿ ಡ್ರಮ್ಮಿನ ಹತ್ತಿರ ಇಟ್ಟು ದೂರ ಕೂತೆ. ಮುಂದಿನ ದಿನಗಳಲ್ಲಿ ಅದರ ಊಟ ಆ ತಟ್ಟೆಯಲ್ಲೇ. ಮೆಲ್ಲಗೆ ನೆಲಕ್ಕೆ ತಾಗಿಸಿ ಸದ್ದು ಮಾಡುತ್ತಿದ್ದೆ, ಆಮೇಲೆ ಸ್ವಲ್ಪ ಜೋರಾಗಿ. ಮನೆ ಬಿಟ್ಟು ಹೋಗುವ ಹೊತ್ತಿಗೆ ತಟ್ಟೆಯ ಸದ್ದಾದರೆ ಓಡಿ ಬರುವ ಮೊದಲ ಮರಿ ಅದೇ ಆಗಿತ್ತು. ಇದನ್ನು ಎರಡು ವರ್ಷದ ನಾಯಿಯಲ್ಲಿ ಮಾಡಲು ಹೋದರೆ ತಿಂಗಳುಗಟ್ಟಲೆ ಬೇಕು, ಆದರೂ ಆಗುತ್ತದೆ ಎಂಬ ಖಾತ್ರಿಯಿಲ್ಲ.

ನೆಲದ ರೂಢಿಯೂ ಬೇಕು. ಮಣ್ಣಿನ ನೆಲದಲ್ಲೇ ಬೆಳೆದ ಮರಿ ನುಣುಪು ಟೈಲ್ಸ್ ಮೇಲೆ ಕಾಲಿಡಲು ಹೆದರುತ್ತದೆ. ಗೋಣಿಚೀಲ, ಮರಳು, ಹುಲ್ಲು, ಒದ್ದೆ ಕಲ್ಲು, ಎರಡು ಮೆಟ್ಟಿಲು, ಎಲ್ಲದರ ಮೇಲೂ ಆಡಲಿ. ದಿನಾ ಒಂದಿಷ್ಟು ಹೊತ್ತು ಕಿವಿ ಮುಟ್ಟಿ, ಬಾಯಿ ತೆರೆದು ನೋಡಿ, ಪಾದ ಹಿಡಿದು, ಉಗುರು ಒತ್ತಿ, ಕೂಡಲೇ ಬಾಯಿಗೆ ಏನಾದರೂ ರುಚಿಯಾದದ್ದು ಹಾಕಿ. ಮುಂದೆ ಡಾಕ್ಟರ ಮೇಜಿನ ಮೇಲೆ ಆ ನಾಯಿ ನಿಲ್ಲುತ್ತದೆ. ಕೋಳಿ, ಬೆಕ್ಕು, ಆಡಿನ ಮರಿಗಳ ಪರಿಚಯ ಈ ತಳಿಗಂತೂ ಬೇಕೇ ಬೇಕು. ಓಡುವುದನ್ನು ಕಂಡರೆ ಅಟ್ಟಿಸಿಕೊಂಡು ಹೋಗುವುದು ಇದರ ರಕ್ತದಲ್ಲೇ ಇದೆ. ಚಿಕ್ಕಂದಿನಲ್ಲಿ ಜೊತೆಗೆ ಬೆಳೆದರೆ ಆ ಹಠ ಪೂರ್ತಿ ಹೋಗದಿದ್ದರೂ ಕಡಿಮೆಯಾಗುತ್ತದೆ.

ಜನರನ್ನು ನೋಡಲಿ. ಕೋಲು ಹಿಡಿದ ಅಜ್ಜ, ಗಡ್ಡದವರು, ಬುರ್ಖಾ ಹಾಕಿದವರು, ಹೆಲ್ಮೆಟ್ ಹಾಕಿದವರು, ಛತ್ರಿ ಬಿಚ್ಚುವವರು, ಶಾಲೆ ಮಕ್ಕಳು. ನಮ್ಮ ಓಣಿಯ ಮಕ್ಕಳಿಗೆ ನಾನು ಒಂದೇ ನಿಯಮ ಹಾಕಿದ್ದೇನೆ: ನೆಲಕ್ಕೆ ಕೂತುಕೊಳ್ಳಿ, ಮರಿ ತಾನಾಗಿ ಬಂದರೆ ಮಾತ್ರ ಮುಟ್ಟಿ. ಮಲಗಿದ ಮರಿಯನ್ನು ಎಬ್ಬಿಸುವ ಹಾಗಿಲ್ಲ. ಮರಿಗೆ ದಿನದ ಬಹುಪಾಲು ನಿದ್ದೆ ಬೇಕು. ಏಳನೇ ವಾರದಿಂದ ಒಂದೊಂದೇ ಮರಿಯನ್ನು ಸ್ವಲ್ಪ ಹೊತ್ತು ಬೇರೆ ಕೋಣೆಗೆ ಒಯ್ಯುತ್ತೇನೆ. ತಾಯಿ, ತಮ್ಮ ತಂಗಿಯರು ಇಲ್ಲದೆಯೂ ಎರಡು ನಿಮಿಷ, ಐದು ನಿಮಿಷ ಇರಬಹುದು ಎಂದು ಗೊತ್ತಾಗಲಿ. ಹೊಸ ಮನೆಯ ಮೊದಲ ರಾತ್ರಿ ಅದಕ್ಕೆ ಅಷ್ಟು ಭಯಂಕರ ಅನ್ನಿಸುವುದಿಲ್ಲ.

‘ಹೊರಗಿನವರು ಬಂದು ಮುಟ್ಟಿದರೆ ಪಾರ್ವೋ ಬರಲ್ವಾ?’ ಎಂದು ಕೆಲವರು ಕೇಳುತ್ತಾರೆ. ಸರಿಯಾದ ಪ್ರಶ್ನೆ. ಪಾರ್ವೋ ಅಂದರೆ ಮರಿಗಳಿಗೆ ವಾಂತಿಭೇದಿ ಹತ್ತಿಸುವ ವೈರಸ್ ರೋಗ, ಬಂದರೆ ಇಡೀ ಸೂಲೇ ಹೋಗಬಹುದು. ಆ ವೈರಸ್ ಮಣ್ಣಿನಲ್ಲಿ ತಿಂಗಳುಗಟ್ಟಲೆ ಇರುತ್ತದೆ. ಅದಕ್ಕೇ ಬಂದವರ ಚಪ್ಪಲಿ ಗೇಟಿನ ಹೊರಗೆ, ಕೈಕಾಲು ಸೋಪಿನಲ್ಲಿ ತೊಳೆದೇ ಒಳಗೆ. ಬೇರೆ ನಾಯಿಗಳು ಓಡಾಡುವ ಜಾಗದಲ್ಲಿ ಮರಿಯನ್ನು ನೆಲಕ್ಕೆ ಬಿಡುವುದಿಲ್ಲ, ತೋಳಲ್ಲಿ ಎತ್ತಿಕೊಂಡೇ ತೋರಿಸುತ್ತೇನೆ. ಎರಡನೇ ವಾರದಿಂದ ಹದಿನೈದು ದಿನಕ್ಕೊಮ್ಮೆ ಜಂತಿನ ಔಷಧ, ಆರರಿಂದ ಎಂಟು ವಾರದೊಳಗೆ ಮೊದಲ ಲಸಿಕೆ. ಮುಂದಿನ ಲಸಿಕೆಗಳನ್ನು, ಮೂರು ತಿಂಗಳಿಗೆ ರೇಬಿಸ್ ಲಸಿಕೆಯನ್ನು ಹೊಸ ಮನೆಯವರು ಹಾಕಿಸಬೇಕು. ಲಸಿಕೆ ಎಲ್ಲ ಮುಗಿಯಲಿ ಎಂದು ನಾಲ್ಕು ತಿಂಗಳು ಮರಿಯನ್ನು ಕತ್ತಲಲ್ಲಿ ಇಡಬೇಡಿ ಎಂದು ಅಮೆರಿಕದ ಪ್ರಾಣಿ ವರ್ತನೆಯ ಪಶುವೈದ್ಯರ ಸಂಘವೇ 2008ರಲ್ಲಿ ಹೇಳಿದೆ. ಮೊದಲ ಲಸಿಕೆ, ಮೊದಲ ಜಂತಿನ ಔಷಧ ಆಗಿ ಒಂದು ವಾರ ಕಳೆದರೆ ಎಚ್ಚರಿಕೆಯಿಂದ ಹೊರಗಿನ ಪರಿಚಯ ಶುರು ಮಾಡಬಹುದು ಎಂಬುದು ಅವರ ಮಾತು.

ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಕಷ್ಟ ನನಗೆ ಗೊತ್ತಿಲ್ಲ ಎಂದುಕೊಳ್ಳಬೇಡಿ. ನಿಮ್ಮಲ್ಲಿ ಬಹಳ ಜನ ಸಣ್ಣ ರೈತರು, ಕುರಿಗಾರರು. ಕಬ್ಬಿನ ಬಿಲ್ಲು ಬರುವುದು ತಡವಾದಾಗ ಮರಿ ಮಾರಿದ ದುಡ್ಡಿನಿಂದಲೇ ಶಾಲೆ ಫೀ ಕಟ್ಟಿದವರಿದ್ದಾರೆ. ಎರಡನೇ ತಿಂಗಳಲ್ಲಿ ಮರಿಗಳು ತಿನ್ನುವುದು ಕಡಿಮೆಯಲ್ಲ. ಹಾಲು, ಮೊಟ್ಟೆ, ನುಚ್ಚು, ಔಷಧ, ಲಸಿಕೆ ಎಲ್ಲ ನಿಮ್ಮ ಕೈಯಿಂದಲೇ ಹೋಗಬೇಕು. ಅಷ್ಟರಲ್ಲಿ ರೋಗ ಬಂದು ಎರಡು ಮರಿ ಸತ್ತರೆ ನಷ್ಟವೂ ನಿಮ್ಮದೇ. ಮಧ್ಯವರ್ತಿ ‘ಈಗಲೇ ಕೊಡು, ದೊಡ್ಡದಾದ್ರೆ ಯಾರೂ ತಗೊಳ್ಳಲ್ಲ’ ಎಂದು ಅವಸರ ಮಾಡುತ್ತಾನೆ. ಆದರೆ ಆ ನಾಲ್ಕು ವಾರದ ಖರ್ಚು ಉಳಿಸಿದ್ದರಿಂದ ತಳಿಯ ಹೆಸರು ಹೋಗುತ್ತಿದೆ. ಬೆಂಗಳೂರಿನ ಒಂದು ಅಪಾರ್ಟ್‌ಮೆಂಟಿನಲ್ಲಿ ಒಂದು ಮುಧೋಳ ನಾಯಿ ಕಚ್ಚಿದರೆ ಆ ಕಟ್ಟಡದ ಯಾರೂ ಮತ್ತೆ ಮುಧೋಳ ನಾಯಿ ಕೇಳುವುದಿಲ್ಲ. ಸೌಮ್ಯವಾಗಿ ಬೆಳೆದ ಒಂದು ನಾಯಿ ಇದ್ದರೆ ಅದನ್ನು ನೋಡಿಯೇ ನಾಲ್ಕು ಜನ ನಿಮ್ಮ ನಂಬರ್ ಕೇಳುತ್ತಾರೆ. ಆ ನಾಲ್ಕು ವಾರದ ಖರ್ಚನ್ನು ಬೆಲೆಯಲ್ಲಿ ಸೇರಿಸಿ, ಯಾಕೆ ಸೇರಿಸಿದ್ದೀರಿ ಎಂದು ಧೈರ್ಯವಾಗಿ ಹೇಳಿ.

ಕೊಳ್ಳುವವರಿಗೂ ಒಂದು ಮಾತು. ‘ಸಣ್ಣದಿದ್ದಾಗಲೇ ತಂದರೆ ನಮಗೆ ಹೊಂದಿಕೊಳ್ಳುತ್ತೆ’ ಎಂಬ ನಂಬಿಕೆ ಬಿಡಿ. ಎಂಟು, ಒಂಬತ್ತು ವಾರದ ಮರಿ ನಿಮಗೆ ಚೆನ್ನಾಗಿಯೇ ಹೊಂದಿಕೊಳ್ಳುತ್ತದೆ. ಫೋಟೋ ನೋಡಿ ದುಡ್ಡು ಹಾಕಬೇಡಿ. ಹೋಗಿ ತಾಯಿಯನ್ನು ನೋಡಿ. ತಾಯಿ ನಿಮ್ಮನ್ನು ಕಂಡು ಮೂಲೆ ಸೇರಿದರೆ, ಮರಿಗಳು ಜಾಲರಿಯ ಹಿಂಬದಿಗೆ ಒತ್ತಿಕೊಂಡರೆ, ಅಲ್ಲಿಂದ ತರಬೇಡಿ. ಚೆನ್ನಾಗಿ ಬೆಳೆಸಿದವರು ಹೆಚ್ಚು ಬೆಲೆ ಹೇಳಿದರೆ ಚೌಕಾಸಿ ಮಾಡದೆ ಕೊಡಿ.

ಮಾನ್ಯ ಅಧಿಕಾರಿಗಳೇ, ಕಾನೂನು ಈಗಾಗಲೇ ಇದೆ. ಕೇಂದ್ರ ಸರ್ಕಾರದ 2017ರ ನಾಯಿ ತಳಿ ಸಾಕಣೆ ಮತ್ತು ಮಾರಾಟ ನಿಯಮಗಳ ಪ್ರಕಾರ ಎಂಟು ವಾರ ತುಂಬದ ಮರಿ ಮಾರುವಂತಿಲ್ಲ, ಮರಿ ಮಾಡಿಸಿ ಮಾರುವವರು ರಾಜ್ಯ ಮಂಡಳಿಯಲ್ಲಿ ನೋಂದಾಯಿಸಿಕೊಂಡಿರಬೇಕು. 2018ರ ಸಾಕುಪ್ರಾಣಿ ಅಂಗಡಿ ನಿಯಮಗಳೂ ಎಂಟು ವಾರದ ಗೆರೆಯನ್ನೇ ಎಳೆದಿವೆ. ಆದರೆ ನಮ್ಮ ಹಳ್ಳಿಗಳಲ್ಲಿ ನಾನು ಮಾತಾಡಿಸಿದ ಎಷ್ಟೋ ಜನರಿಗೆ ಇಂಥ ನಿಯಮ ಇದೆ ಎಂಬುದೇ ಗೊತ್ತಿರಲಿಲ್ಲ. ಗೊತ್ತಿಲ್ಲದವರ ಮೇಲೆ ಮೊದಲೇ ಕೇಸು ಹಾಕಿ ಎಂದು ನಾನು ಕೇಳುತ್ತಿಲ್ಲ. ಮೊದಲು ಹೇಳಿ, ಕೈ ಹಿಡಿಯಿರಿ. ಆಮೇಲೂ ಮಾಡಿದರೆ ದಂಡ ಹಾಕಿ. ಊರಿಂದೂರಿಗೆ ತಿಂಗಳ ಮರಿ ಸಾಗಿಸುವ ಮಧ್ಯವರ್ತಿಗಳ ವಿಷಯದಲ್ಲಿ ಮಾತ್ರ ತಡ ಮಾಡಬೇಡಿ.

ಮುಧೋಳ, ಲೋಕಾಪುರದ ಕಡೆ ಹಳ್ಳಿಯಲ್ಲೇ ನೋಂದಣಿ ಶಿಬಿರ ನಡೆಸಿ. ಅರ್ಜಿ ಕನ್ನಡದಲ್ಲಿರಲಿ, ಓದು ಬರಹ ಕಡಿಮೆ ಇರುವವರಿಗೆ ತುಂಬಲು ಅಲ್ಲೇ ಒಬ್ಬರು ಸಹಾಯಕ್ಕೆ ಇರಲಿ. ನೋಂದಾಯಿಸಿಕೊಂಡವರ ಮರಿಗಳಿಗೆ ಊರ ಪಶು ಆಸ್ಪತ್ರೆಯಲ್ಲೇ ಜಂತಿನ ಔಷಧ ಮತ್ತು ಮೊದಲ ಲಸಿಕೆ ಪುಕ್ಕಟೆ ಸಿಗುವಂತೆ ಮಾಡಿ. ನನ್ನ ಪ್ರಕಾರ ಬೇರೆಲ್ಲಕ್ಕಿಂತ ಇದರಿಂದ ಹೆಚ್ಚು ಉಪಯೋಗ. ಎಂಟು ವಾರ ಇಟ್ಟುಕೊಳ್ಳಲು ಜನ ಹಿಂದೇಟು ಹಾಕುವುದು ರೋಗದ ಭಯಕ್ಕೆ ಮತ್ತು ಖರ್ಚಿಗೆ. ಆ ಎರಡನ್ನೂ ನೀವು ಸ್ವಲ್ಪ ಹಗುರ ಮಾಡಬಹುದು. ತಿಮ್ಮಾಪುರದ ಕೇಂದ್ರದ ಬಗ್ಗೆ ನಮ್ಮ ಜನರಿಗೆ ಗೌರವವಿದೆ. ಅಲ್ಲಿ ಮರಿ ಬೆಳೆಸುವವರಿಗೆ ಒಂದು ದಿನದ ತರಬೇತಿ ಇಟ್ಟರೆ, ಕಾಗದ ಓದಿ ಕಲಿಯದವರೂ ಕಣ್ಣಾರೆ ನೋಡಿ ಕಲಿಯುತ್ತಾರೆ. ಹೆಣ್ಣುಮಕ್ಕಳನ್ನು ಮರೆಯದೆ ಕರೆಯಿರಿ. ದಾಖಲೆಯಲ್ಲಿ ಗಂಡಸರ ಹೆಸರಿದ್ದರೂ ಮರಿಗಳಿಗೆ ಅನ್ನ ಹಾಕುವವರು ಹೆಚ್ಚಾಗಿ ಅವರೇ.

ಕೊನೆಯದಾಗಿ ಒಂದು ಕಾರ್ಡು. ಪ್ರತಿ ಮರಿಯ ಜೊತೆ ಒಂದು ಹಾಳೆ ಹೋಗಲಿ. ಹುಟ್ಟಿದ ದಿನ, ಜಂತಿನ ಔಷಧ ಕೊಟ್ಟ ದಿನಗಳು, ಲಸಿಕೆ, ಏನು ತಿನ್ನುತ್ತಿತ್ತು, ಯಾವ ಸದ್ದಿಗೆ ಹೆದರುತ್ತದೆ, ಮಕ್ಕಳ ಜೊತೆ ಆಡಿದೆಯೇ, ಕೋಳಿ ನೋಡಿದೆಯೇ, ಒಂಟಿಯಾಗಿ ಇದ್ದು ರೂಢಿಯೇ. ಹಿಂದಿನ ಬದಿಯಲ್ಲಿ ಹೊಸ ಮನೆಯವರು ಮುಂದಿನ ನಾಲ್ಕು ವಾರ ಮಾಡಬೇಕಾದದ್ದು. ಎಂಟು ವಾರಕ್ಕೆ ಪಾಠ ಮುಗಿಯುವುದಿಲ್ಲವಲ್ಲ, ಹನ್ನೆರಡನೇ ವಾರದವರೆಗೆ ಅವರೂ ಕಲಿಸಬೇಕು. ಇಂಥ ಹಾಳೆಯೊಂದನ್ನು ನಾನು ನನ್ನ ಮರಿಗಳಿಗೆ ಕೊಡುತ್ತಿದ್ದೇನೆ. ಅದರ ಒಂದು ಪ್ರತಿಯನ್ನು ಈ ಪತ್ರದ ಜೊತೆ ಮಂಡಳಿಗೆ ಅಂಚೆಯಲ್ಲಿ ಕಳಿಸಿದ್ದೇನೆ. ತಿದ್ದಿ, ನಿಮ್ಮ ಪಶುವೈದ್ಯರಿಗೆ ತೋರಿಸಿ, ಸರಿ ಅನ್ನಿಸಿದರೆ ಅಚ್ಚು ಹಾಕಿಸಿ. ಹೆಸರು ಹಾಕಬೇಕೆಂದಿಲ್ಲ. ಆಗುತ್ತದೋ ಇಲ್ಲವೋ ಎಂದು ದಯವಿಟ್ಟು ಒಂದು ಉತ್ತರ ಬರೆಯಿರಿ.

ಮನೆಯಲ್ಲಿ ಈಗ ನಾಯಿ ಮರಿ ಹಾಕಿದ್ದರೆ, ಮೂರನೇ ವಾರ ಮುಗಿಯುವ ಮೊದಲು ನನಗೆ ಹೇಳಿ ಕಳಿಸಿ. ಬಾಗಲಕೋಟೆ, ಬೆಳಗಾವಿ, ಧಾರವಾಡ ಜಿಲ್ಲೆಯಲ್ಲಿ ಎಲ್ಲಿಯಾದರೂ ಸರಿ, ಬಂದು ನಿಮ್ಮ ಜೊತೆ ಕೂತು ತೋರಿಸಿಕೊಡುತ್ತೇನೆ. ಬಸ್ ಚಾರ್ಜು ನನ್ನದೇ.

ಇಂತಿ ನಿಮ್ಮ ವಿಶ್ವಾಸಿ,
ಮರಿಗಳ ಬಾಣಂತನ ಮಾಡುವ ಒಬ್ಬ ಹೆಣ್ಣುಮಗಳು
ಧಾರವಾಡ